ವಿಎಸ್ ಕೋಡ್ ಶಾರ್ಟ್‌ಕಟ್‌ಗಳನ್ನು ನಿಮ್ಮ ಕೈಗೆ ಒಗ್ಗಿಸಿಕೊಳ್ಳಿ

ಕೋಡ್ ಬರೆಯುವ ಎಡಿಟರ್ ಆದ ವಿಎಸ್ ಕೋಡ್ ಬಳಸಲು ಶುರು ಮಾಡಿ ವರ್ಷವಾದರೂ ಟರ್ಮಿನಲ್ (ಕಮಾಂಡ್ ಬರೆದು ಓಡಿಸುವ ಜಾಗ) ತೆಗೆಯೋಕೆ ಮೌಸ್ ಹುಡುಕುವವರು ನಮ್ಮ ಮೈಸೂರು, ಮಂಡ್ಯದ ಕಡೆ ಬೇಕಾದಷ್ಟು ಜನ ಇದ್ದಾರೆ. ಇನ್ನು ಕೆಲವರು ಶಾರ್ಟ್‌ಕಟ್‌ಗಳ ಉದ್ದನೆ ಪಟ್ಟಿ ಪ್ರಿಂಟ್ ತೆಗೆದು, ಗೋಡೆಗೆ ಅಂಟಿಸಿ, ಬಾಯಿಪಾಠ ಮಾಡೋಕೆ ಕೂರುತ್ತಾರೆ. ಎರಡೂ ಬೇಡ. ದಿನಾ ಪದೇ ಪದೇ ಮಾಡುವ ಮೂರ್ನಾಲ್ಕು ಕೆಲಸ ಯಾವುದು ಅಂತ ನೋಡಿ, ಅಷ್ಟಕ್ಕೆ ಮಾತ್ರ ಕೈಗೆ ಸಲೀಸಾಗಿ ಸಿಗುವ ಕೀ ಕೊಟ್ಟುಕೊಳ್ಳಿ. ಉಳಿದದ್ದಕ್ಕೆ ಕಂಟ್ರೋಲ್-ಶಿಫ್ಟ್-ಪಿ ಒತ್ತಿದರೆ ಬರುವ, ಹೆಸರು ಬರೆದು ಕಮಾಂಡ್ ಹುಡುಕುವ ಕಮಾಂಡ್ ಪ್ಯಾಲೆಟ್ ಸಾಕು.

ಮೊದಲು ಕಂಟ್ರೋಲ್ ಹಿಡಿದುಕೊಂಡೇ ಕೆ ಒತ್ತಿ, ಆಮೇಲೆ ಕಂಟ್ರೋಲ್ ಬಿಡದೆ ಎಸ್ ಒತ್ತಿ. ಕೀಬೋರ್ಡ್ ಶಾರ್ಟ್‌ಕಟ್ಸ್ ಪುಟ ತೆರೆಯುತ್ತದೆ. ಹೀಗೆ ಒಂದಾದ ಮೇಲೆ ಒಂದು ಒತ್ತುವುದಕ್ಕೆ ಕಾರ್ಡ್ (chord) ಅನ್ನುತ್ತಾರೆ. ಕೆ ಒತ್ತಿದ ತಕ್ಷಣ ಕೆಳಗಿನ ಪಟ್ಟಿಯಲ್ಲಿ ‘ಎರಡನೇ ಕೀಗೆ ಕಾಯುತ್ತಿದ್ದೇನೆ’ ಅನ್ನೋ ಅರ್ಥದ ಸಾಲು ಬರುತ್ತದೆ, ಗಾಬರಿ ಬೇಡ. ಪುಟದಲ್ಲಿ ಮೇಲಿರುವ ಸರ್ಚ್ ಜಾಗದಲ್ಲಿ ಕಮಾಂಡಿನ ಹೆಸರು ಬರೆದು ಹುಡುಕಬಹುದು. ಅಲ್ಲೇ ಪಕ್ಕದಲ್ಲಿ ರೆಕಾರ್ಡ್ ಕೀಸ್ ಅಂತ ಒಂದು ಸಣ್ಣ ಕೀಬೋರ್ಡ್ ಗುರುತು ಇದೆ. ಅದನ್ನು ಆನ್ ಮಾಡಿ ಯಾವುದಾದರೂ ಕೀ ಒತ್ತಿದರೆ, ಆ ಕೀಗೆ ಈಗಾಗಲೇ ಯಾವ ಯಾವ ಕೆಲಸ ಅಂಟಿಕೊಂಡಿದೆ ಅಂತ ತೋರಿಸುತ್ತದೆ. ಹೊಸ ಶಾರ್ಟ್‌ಕಟ್ ಕೊಡುವ ಮುಂಚೆ ಇದನ್ನು ನೋಡದೇ ಇರಬೇಡಿ.

ಒಂದು ಉದಾಹರಣೆ ಹೇಳುತ್ತೇನೆ. ಸರಸ್ವತಿಪುರಂನ ಪಿಜಿಯಲ್ಲಿರುವ ಮಂಡ್ಯದ ಹುಡುಗನೊಬ್ಬ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದಿದ್ದ. ಎಸ್ಕೇಪ್ ಕೆಳಗಿನ ಬ್ಯಾಕ್‌ಟಿಕ್ (`) ಕೀ ಕಿತ್ತುಹೋಗಿ ಬರೀ ರಬ್ಬರ್ ಉಳಿದಿತ್ತು. ಕಂಟ್ರೋಲ್ ಜೊತೆ ಅದನ್ನು ಒತ್ತಿದರೆ ತಾನೇ ಟರ್ಮಿನಲ್ ತೆರೆಯೋದು? ‘ಅಣ್ಣ, ಕೀಬೋರ್ಡೇ ಬದಲಾಯಿಸಬೇಕಾ?’ ಅಂದ. ‘ಬೇಡ ಕಣೋ, ಬೇರೆ ಕೀ ಕೊಟ್ಟರೆ ಆಯ್ತು’ ಅಂದೆ.

ಸರ್ಚ್‌ನಲ್ಲಿ ‘ಟಾಗಲ್ ಟರ್ಮಿನಲ್’ ಅಂತ ಹುಡುಕಿ, ಸಾಲಿನ ಎಡಗಡೆಯ ಪೆನ್ಸಿಲ್ ಗುರುತು ಒತ್ತಿದೆವು. ಸಣ್ಣ ಪೆಟ್ಟಿಗೆ ಬಂತು. ಆಲ್ಟ್-ಜೆ ಒತ್ತಿ ಎಂಟರ್ ಹೊಡೆದ, ಕೆಲಸ ಮುಗೀತು. ಆಲ್ಟ್-ಟಿ ಯಾಕೆ ಬೇಡ ಅಂದರೆ, ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಆಲ್ಟ್ ಜೊತೆ ಎಫ್, ಇ, ಎಸ್, ವಿ, ಜಿ, ಆರ್, ಟಿ, ಎಚ್ ಒತ್ತಿದರೆ ಮೇಲಿನ ಮೆನುಗಳು ತೆರೆಯುತ್ತವೆ. ಈ ಎಂಟು ಅಕ್ಷರ ಬಿಟ್ಟು ಬೇರೆ ಹುಡುಕಿಕೊಳ್ಳಿ. ನೀವು ಒತ್ತಿದ ಕೀಯನ್ನು ಇನ್ನೊಂದು ಕಮಾಂಡ್ ಬಳಸುತ್ತಿದ್ದರೆ ಅದೇ ಪೆಟ್ಟಿಗೆಯ ಕೆಳಗೆ ಹೇಳುತ್ತದೆ, ಅದರ ಮೇಲೆ ಕ್ಲಿಕ್ ಮಾಡಿದರೆ ಯಾವುದು ಅಂತಲೂ ಕಾಣುತ್ತದೆ.

ಹಾಗಂತ ಒಂದು ಕೀಗೆ ಎರಡು ಕೆಲಸ ಇರಲೇಬಾರದು ಅಂತೇನಿಲ್ಲ. ನನ್ನ ಪ್ರಕಾರ ಇದರ ನಿಜವಾದ ಲಾಭ ಇರೋದೇ ಇಲ್ಲಿ. ಪ್ರತಿ ಶಾರ್ಟ್‌ಕಟ್‌ಗೂ ‘ವೆನ್’ ಅನ್ನುವ ಷರತ್ತು ಹಾಕಬಹುದು. ಪೈಥಾನ್ ಫೈಲ್ ತೆರೆದಿದ್ದಾಗ ಆಲ್ಟ್-ಎಂ ಒತ್ತಿದರೆ ಪೈಥಾನ್ ಓಡಬೇಕು, ಜಾವಾ ಫೈಲಿನಲ್ಲಿದ್ದಾಗ ಅದೇ ಕೀಗೆ ಜಾವಾ ಓಡಬೇಕು ಅಂದುಕೊಳ್ಳಿ. ಎರಡೂ ಕಮಾಂಡ್‌ಗಳಿಗೆ ಅದೇ ಕೀ ಕೊಟ್ಟು, ಒಂದೊಂದರ ಮೇಲೂ ರೈಟ್ ಕ್ಲಿಕ್ ಮಾಡಿ, ಚೇಂಜ್ ವೆನ್ ಎಕ್ಸ್‌ಪ್ರೆಶನ್ ಆರಿಸಿ. ಅಲ್ಲಿ ‘ಎಡಿಟರ್‌ಲ್ಯಾಂಗ್‌ಐಡಿ == ಪೈಥಾನ್’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು. ಮೊದಲ ಪದದಲ್ಲಿ ನಡುವೆ ಸ್ಪೇಸ್ ಇಲ್ಲ, ಲ್ಯಾಂಗ್‌ನ ಎಲ್ ಮತ್ತು ಐಡಿಯ ಐ ಮಾತ್ರ ದೊಡ್ಡಕ್ಷರ. ಒಂದು ಅಕ್ಷರ ತಪ್ಪಿದರೂ ಶಾರ್ಟ್‌ಕಟ್ ಸುಮ್ನೆ ಕೂತುಬಿಡುತ್ತದೆ.

ನೀವು ಬದಲಿಸಿದ್ದೆಲ್ಲ ಕೀಬೈಂಡಿಂಗ್ಸ್ ಡಾಟ್ ಜೇಸನ್ ಅನ್ನುವ ಒಂದೇ ಫೈಲಿನಲ್ಲಿ ಕೂರುತ್ತದೆ. ಪುಟದ ಬಲ ಮೇಲ್ತುದಿಯ ಗುರುತು ಒತ್ತಿದರೆ ಅದು ತೆರೆಯುತ್ತದೆ. ನಿಯಮಗಳನ್ನು ಎಡಿಟರ್ ಕೆಳಗಿನಿಂದ ಮೇಲಕ್ಕೆ ಓದುತ್ತದೆ, ಹೊಂದುವ ಮೊದಲನೆಯದನ್ನೇ ಹಿಡಿಯುತ್ತದೆ. ಹಾಗಾಗಿ ಒಂದೇ ಕೀಗೆ ಎರಡು ನಿಯಮ ಜಗಳಕ್ಕೆ ಬಿದ್ದರೆ ಕೆಳಗಿರುವುದೇ ಗೆಲ್ಲೋದು. ಮೊದಲಿಂದ ಇದ್ದ ಶಾರ್ಟ್‌ಕಟ್ ಪೂರ್ತಿ ಬೇಡ ಅಂದರೆ ಕಮಾಂಡಿನ ಹೆಸರಿನ ಮುಂದೆ ಮೈನಸ್ ಗುರುತು ಹಾಕಿ ಬರೆದರೆ ಅದು ಹೋಗುತ್ತದೆ. ಎಡವಟ್ಟಾದರೆ ಪುಟಕ್ಕೆ ವಾಪಸ್ ಬಂದು ರೈಟ್ ಕ್ಲಿಕ್ ಮಾಡಿ, ರೀಸೆಟ್ ಕೀಬೈಂಡಿಂಗ್ ಕೊಡಿ.

ಕಂಟ್ರೋಲ್-ಸಿ, ಎಸ್, ಝಡ್ ಮಾತ್ರ ಮುಟ್ಟಬೇಡಿ. ನಾಳೆ ಲ್ಯಾಬ್ ಪರೀಕ್ಷೆಯಲ್ಲಿ ಬೇರೆ ಕಂಪ್ಯೂಟರ್ ಮುಂದೆ ಕೂರಿಸುತ್ತಾರೆ, ಅಲ್ಲಿ ಕೈ ತಡವರಿಸಬಾರದು ಅಲ್ವಾ?

ಕನ್ನಡದಲ್ಲೂ ಟೈಪ್ ಮಾಡುವ ನಮ್ಮಂಥವರಿಗೆ ಇನ್ನೊಂದು ತೊಡಕಿದೆ. ವಿಂಡೋಸ್‌ನಲ್ಲಿ ಎರಡು ಭಾಷೆ ಹಾಕಿಕೊಂಡಿದ್ದರೆ ಎಡಗಡೆ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿದಾಗ ಭಾಷೆ ಬದಲಾಗುವಂತೆ ಇರಬಹುದು. ಕೋಡ್ ಸಾಲಾಗಿ ಜೋಡಿಸುವ ಶಾರ್ಟ್‌ಕಟ್ ಅಲ್ಲಿ ಶಿಫ್ಟ್-ಆಲ್ಟ್-ಎಫ್. ಎಫ್ ಒತ್ತುವ ಮೊದಲೇ ಬೆರಳು ಎತ್ತಿಬಿಟ್ಟರೆ ಕೋಡ್ ಜೋಡಣೆ ಆಗುವುದಿಲ್ಲ, ಮುಂದಿನ ಸಾಲು ಕನ್ನಡದಲ್ಲಿ ಬೀಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಟೈಪಿಂಗ್, ಅಡ್ವಾನ್ಸ್‌ಡ್ ಕೀಬೋರ್ಡ್ ಸೆಟ್ಟಿಂಗ್ಸ್, ಇನ್‌ಪುಟ್ ಲ್ಯಾಂಗ್ವೇಜ್ ಹಾಟ್ ಕೀಸ್‌ಗೆ ಹೋಗಿ ಅದನ್ನು ತೆಗೆದುಬಿಡಿ. ಭಾಷೆ ಬದಲಿಸೋಕೆ ವಿಂಡೋಸ್ ಕೀ ಜೊತೆ ಸ್ಪೇಸ್ ಇದ್ದೇ ಇದೆ.

ಎಲ್ಲ ಸರಿಯಾಗಿ ಕೊಟ್ಟರೂ ಕೀ ಕೆಲಸ ಮಾಡುತ್ತಿಲ್ಲವೇ? ಕಮಾಂಡ್ ಪ್ಯಾಲೆಟ್‌ನಲ್ಲಿ ‘ಟಾಗಲ್ ಕೀಬೋರ್ಡ್ ಶಾರ್ಟ್‌ಕಟ್ಸ್ ಟ್ರಬಲ್‌ಶೂಟಿಂಗ್’ ಹುಡುಕಿ ಆನ್ ಮಾಡಿ, ಆ ಕೀ ಒತ್ತಿ. ಎಡಿಟರ್‌ಗೆ ಯಾವ ಕೀ ತಲುಪಿತು, ಯಾವ ಕಮಾಂಡ್ ಸಿಕ್ಕಿತು ಅಂತ ಕೆಳಗಿನ ಔಟ್‌ಪುಟ್‌ನಲ್ಲಿ ಸಾಲು ಸಾಲಾಗಿ ಬರುತ್ತದೆ. ಏನೂ ಬರದಿದ್ದರೆ ಆಪರೇಟಿಂಗ್ ಸಿಸ್ಟಮ್ಮೋ ಬೇರೆ ಯಾವುದೋ ಪ್ರೋಗ್ರಾಮೋ ಆ ಕೀಯನ್ನು ಮೊದಲೇ ನುಂಗುತ್ತಿದೆ ಅಂತ ಲೆಕ್ಕ. ಆಗ ಜಗಳ ಆಡದೆ ಬೇರೆ ಕೀ ಆರಿಸಿ.

ಸೆಟ್ಟಿಂಗ್ಸ್ ಸಿಂಕ್ ಆನ್ ಮಾಡಿಕೊಂಡರೆ ಮನೆ, ಆಫೀಸು ಎರಡೂ ಕಡೆ ಇವೇ ಶಾರ್ಟ್‌ಕಟ್ ಸಿಗುತ್ತವೆ. ಆದರೆ ಮೊದಲಿಗೆ ಅದು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರನ್ನೂ ಬೇರೆ ಬೇರೆಯಾಗೇ ಇಡುತ್ತದೆ. ಒಂದೇ ಬೇಕಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ಕೀಬೈಂಡಿಂಗ್ಸ್ ಪರ್ ಪ್ಲಾಟ್‌ಫಾರ್ಮ್’ ಹುಡುಕಿ ಟಿಕ್ ತೆಗೆಯಿರಿ.