ಗ್ರಾಂ ಪುಸ್ತಕ: ಮಾರ್ಟ್ ಆಫರುಗಳ ಜೊತೆ ನನ್ನ ಮೂರು ವರ್ಷ

"ಗ್ರಾಂ ಲೆಕ್ಕ ಹಾಕ್ಕೊಂಡು ಬಂಗಲೆ ಕಟ್ತಾಳಂತೆ" ಅಂತ ನಮ್ಮೆಜಮಾನ್ರು ನಾದಿನಿ ಮುಂದೆ ನಕ್ಕಿದ್ದರು. ಬಂಗಲೆ ಇನ್ನೂ ಕಟ್ಟಿಲ್ಲ. ಆದರೆ ಕಳೆದ ದೀಪಾವಳಿಗೆ ಮಹಡಿ ಮೇಲೆ ಎರಡನೇ ಸೋಲಾರ್ ಕೂರಿಸಿದ್ದು ಆ ಗ್ರಾಂ ಲೆಕ್ಕದ ದುಡ್ಡಲ್ಲೇ. ಹಾಗಾಗಿ ಈಗ ಬರೆಯೋಕೆ ಸ್ವಲ್ಪ ಧೈರ್ಯ ಬಂದಿದೆ.

ಹಾಸನದ ವಿದ್ಯಾನಗರದಲ್ಲಿ ನಮ್ಮದು ಹುಡುಗಿಯರ ಪಿಜಿ. 14 ಜನ ಅವರು, ನಾಲ್ಕು ಜನ ನಾವು. ಹಾಲು, ತರಕಾರಿ, ಗ್ಯಾಸ್ ಬಿಟ್ಟು ಬರೀ ದಿನಸಿ ಮತ್ತು ಸೋಪು-ಪೌಡರಿಗೇ ತಿಂಗಳಿಗೆ 24-25 ಸಾವಿರ ಆಗ್ತಿತ್ತು. ಈಗ 19ರಿಂದ 20ರ ಒಳಗೆ ನಿಲ್ಲುತ್ತೆ. ಊಟ ಕಡಿಮೆ ಮಾಡಿಲ್ಲ, ಬೇಕಾದರೆ ಹುಡುಗಿಯರನ್ನೇ ಕೇಳಿ.

ಮೊದಲ ವರ್ಷ ಮಾತ್ರ ಶುದ್ಧ ನಷ್ಟ. ಬಿ.ಎಂ. ರಸ್ತೆ ಕಡೆ ದೊಡ್ಡ ಮಾರ್ಟ್ ಇದೆಯಲ್ಲ ಅಂತ ಸಂತೆಪೇಟೆಯ ಶೆಟ್ರ ಅಂಗಡಿ ಖಾತೆ ಮುಚ್ಚಿಸಿ ಎಲ್ಲವನ್ನೂ ಅಲ್ಲಿಂದಲೇ ಹೊತ್ತು ತಂದೆ. ಬಿಲ್ಲಿನ ಕೆಳಗೆ "ನೀವು ಉಳಿಸಿದ್ದು 3,840" ಅಂತ ದಪ್ಪ ಅಕ್ಷರದಲ್ಲಿ ಬರುತ್ತಿತ್ತು. ಫ್ರಿಜ್ಜಿನ ಮೇಲೆ ಅಂಟಿಸಿಟ್ಟಿದ್ದೆ, ಎಜಮಾನ್ರು ನೋಡಲಿ ಅಂತ. ತಿಂಗಳ ಕೊನೆಗೆ ಕೂಡಿಸಿ ನೋಡಿದರೆ ಖರ್ಚು ಮೊದಲಿಗಿಂತ ಎರಡು ಸಾವಿರ ಜಾಸ್ತಿ!

ಯಾಕೆ ಅಂತ ಗೊತ್ತಾಗಲು ನನಗೆ ಏಳೆಂಟು ತಿಂಗಳು ಬೇಕಾಯ್ತು. ಆ ಉಳಿತಾಯ ಎಲ್ಲ ಎಂಆರ್‌ಪಿಯಿಂದ ಕಳೆದದ್ದು. ಮಾರ್ಟ್‌ನವರದೇ ಹೆಸರಿನ ತೊಗರಿಬೇಳೆ ಪೊಟ್ಟಣದ ಮೇಲೆ ಎಂಆರ್‌ಪಿ 210, ಆಫರ್ 124. ಆ 210 ಬರೆದವರೂ ಅವರೇ, ಹೊಡೆದು ಹಾಕಿದವರೂ ಅವರೇ. ಶೆಟ್ರ ಅಂಗಡಿಯಲ್ಲಿ ಅದೇ ಬೇಳೆ ಬಿಡಿಯಾಗಿ 130. ಅಂದರೆ ನನಗೆ ಉಳಿದದ್ದು 86 ಅಲ್ಲ, 6. ಅವತ್ತಿನಿಂದ ಎಂಆರ್‌ಪಿ ನೋಡೋದು ಬಿಟ್ಟೆ. ಇನ್ನೂರು ಪುಟದ ಒಂದು ನೋಟ್‌ಬುಕ್ ತಗೊಂಡು ಎಡಗಡೆ ಶೆಟ್ರ ರೇಟು, ಬಲಗಡೆ ಮಾರ್ಟ್ ರೇಟು, ಎರಡೂ ಕೆಜಿ ಲೆಕ್ಕದಲ್ಲಿ ಬರೆಯೋಕೆ ಶುರು ಮಾಡಿದೆ. ಹುಡುಗಿಯರು ಅದಕ್ಕೆ ಇಟ್ಟ ಹೆಸರೇ ಗ್ರಾಂ ಪುಸ್ತಕ.

ಆ 6 ರೂಪಾಯಿಯ ಕತೆಯೂ ಅಲ್ಲಿಗೆ ಮುಗಿಯಲಿಲ್ಲ. ಬೇಳೆ ನಮಗೆ ತಿಂಗಳಿಗೆ 36 ಕೆಜಿ ಬೇಕು, ಆಯ್ತಲ್ಲ ಇನ್ನೂರು ಚಿಲ್ಲರೆ ಉಳೀತು ಅಂದುಕೊಂಡು ಅದನ್ನೇ ತಂದೆ. ಮೂರು ಕೂಗಿಗೆ ಬೇಯುತ್ತಿದ್ದ ಬೇಳೆ ಆರು ಕೂಗಿದರೂ ಸಾರಿನ ತಳದಲ್ಲಿ ಕಾಳುಕಾಳಾಗಿ ಕೂರುತ್ತಿತ್ತು. ಹಳೇ ಬೇಳೆ. ಹನ್ನೊಂದು ದಿನ ಬರುತ್ತಿದ್ದ ದೊಡ್ಡ ಸಿಲಿಂಡರ್ ಹತ್ತಕ್ಕೇ ಮುಗಿಯಿತು. ತಿಂಗಳ ಲೆಕ್ಕದಲ್ಲಿ ಗ್ಯಾಸಿಗೆ ಹೋದದ್ದು 450ರ ಮೇಲೆ. ಈಗ ಯಾವ ಬೇಳೆ ಆಫರಿಗೆ ಬಂದರೂ ಮೊದಲು ಅರ್ಧ ಕೆಜಿ ತರ್ತೀನಿ, ಒಂದು ಹಿಡಿ ಬೇಯಿಸಿ ಕೂಗು ಎಣಿಸ್ತೀನಿ, ಆಮೇಲೆ ಮೂಟೆ ಮಾತು. ಪುಸ್ತಕದಲ್ಲಿ ಬೇಳೆ ಸಾಲಿಗೆ ಮಾತ್ರ ರೇಟಿನ ಪಕ್ಕ ಕೂಗಿನ ಸಂಖ್ಯೆಯೂ ಇರುತ್ತೆ.

ಅಕ್ಕಿ ಚೀಲದಲ್ಲೂ ಒಮ್ಮೆ ಹೀಗೇ ಬಿದ್ದೆ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆಜಿವರೆಗಿನ ಅಕ್ಕಿಗೆ ಶೇ. 5 ಜಿಎಸ್‌ಟಿ ಬಂತು. ಆಮೇಲೆ ಅಂಗಡಿಗಳಲ್ಲಿ 26 ಕೆಜಿ ಚೀಲ ಕಾಣಿಸಿಕೊಂಡಿತು, ಕಾರಣ ನಿಮಗೆ ಗೊತ್ತೇ ಇದೆ. ಮಾರ್ಟ್‌ನಲ್ಲಿ ಚೀಲ 1,475, ಶೆಟ್ರಲ್ಲಿ 1,508. ಚೀಲಕ್ಕೆ ಚೀಲ ಹೋಲಿಸಿ 33 ರೂಪಾಯಿ ಗೆದ್ದೆ ಅಂತ ಬೀಗಿದೆ. ಅದು 25 ಕೆಜಿ, ಇದು 26. ಕೆಜಿಗೆ ಅಲ್ಲಿ 59, ಇಲ್ಲಿ 58. ಎಣ್ಣೆಯದೂ ಇದೇ ಆಟ. ಲೀಟರ್ ಪೊಟ್ಟಣದಷ್ಟೇ ಎತ್ತರ, ಅಷ್ಟೇ ಅಗಲ, ಒಳಗೆ 800 ಗ್ರಾಂ, ಬೆಲೆ 128. ಪಕ್ಕದಲ್ಲಿ ನಿಜವಾದ ಒಂದು ಲೀಟರಿನದು, ತೂಕ 910 ಗ್ರಾಂ, ಬೆಲೆ 142. ಕೈ ತಾನಾಗೇ 128ರ ಕಡೆ ಹೋಗುತ್ತೆ. ಭಾಗಿಸಿದರೆ ಅದು ಕೆಜಿಗೆ 160, ಇದು 156. ಈಗೀಗ ಪೊಟ್ಟಣದ ಮೇಲೇ ಒಂದು ಗ್ರಾಂಗೆ ಇಷ್ಟು ಅಂತ ಅಚ್ಚು ಹಾಕಿರ್ತಾರೆ, ಆದರೆ ಅದು ಎಂಆರ್‌ಪಿ ಲೆಕ್ಕದ್ದು. ಆಫರ್ ರೇಟನ್ನು ನೀವೇ ಭಾಗಿಸಬೇಕು.

ಇನ್ನು ಆಗಸ್ಟ್ 15ರ ಸೇಲ್. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ. ರವೆ ಒಂದಕ್ಕೆ ಒಂದು ಉಚಿತ, ಹದಿನೈದು ಕೆಜಿ ತಂದೆ. ಹೊರಗೆ ಹಾಸನದ ಮಳೆಗಾಲ, ಬಟ್ಟೆಯೇ ಮೂರು ದಿನ ಒಣಗುತ್ತಿರಲಿಲ್ಲ. ಹತ್ತು ದಿನಕ್ಕೆ ರವೆ ಗಂಟುಗಂಟು, ಇನ್ನೊಂದು ವಾರಕ್ಕೆ ಬಲೆ ಕಟ್ಟಿ ಹುಳ. ಪ್ಯಾಕಿಂಗ್ ತಾರೀಖು ಮೊದಲೇ ನಾಲ್ಕು ತಿಂಗಳ ಹಿಂದಿನದು, ನಾನು ನೋಡಿರಲಿಲ್ಲ. ಆರು ಕೆಜಿ ಎಸೆದೆ. ಅತ್ತೆ ಒಂದು ಮಾತೂ ಆಡದೆ ಉಳಿದದ್ದನ್ನ ಬಾಣಲೆಗೆ ಹಾಕಿ ಹುರಿಯುತ್ತಾ ಕೂತರು. ಬೈದಿದ್ದರೇ ವಾಸಿಯಿತ್ತು. ಆಮೇಲಿಂದ ರವೆ ತಂದ ದಿನವೇ ಹುರಿದು, ಆರಿಸಿ, ಡಬ್ಬಿಗೆ ಹಾಕೋದು. ಮಳೆಗಾಲದಲ್ಲಿ ಎಷ್ಟೇ ಆಫರ್ ಇದ್ದರೂ ಐದು ಕೆಜಿ ದಾಟಲ್ಲ.

ಬೆಡ್‌ಶೀಟಿನಲ್ಲಿ ಹೋದದ್ದು 2,786 ರೂಪಾಯಿ, ಪೈಸೆ ಸಮೇತ ನೆನಪಿದೆ. 199ರಂತೆ ಹದಿನಾಲ್ಕು. ಬೋರ್ಡಿನಲ್ಲಿ "ಗ್ಲೇಸ್ ಕಾಟನ್". ಮೂರನೇ ಒಗೆತಕ್ಕೆ ಮೈಮೇಲೆಲ್ಲಾ ಸಣ್ಣ ಸಣ್ಣ ಗುಂಡು ಎದ್ದವು, ಹುಡುಗಿಯರು ಬೆವರುತ್ತೆ ಆಂಟಿ ಅಂತ ಗೊಣಗಿದರು. ಅಂಚಿನಿಂದ ಒಂದು ಎಳೆ ಕಿತ್ತು ಸ್ಟವ್ವಿನ ಬೆಂಕಿಗೆ ಹಿಡಿದೆ. ಹತ್ತಿಯಾಗಿದ್ದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರಬೇಕು. ಇದು ಮುದುಡಿಕೊಂಡು ಕರಗಿ, ತುದಿಯಲ್ಲಿ ಸಾಸಿವೆ ಕಾಳಿನಂಥ ಕಪ್ಪು ಮಣಿ ಆಯ್ತು. ಬೆರಳಿಂದ ಒತ್ತಿದರೆ ಗಟ್ಟಿ. ಪಾಲಿಸ್ಟರ್ ಕಣ್ರೀ! ಹೊರದೇಶಕ್ಕೆ ಬೆಡ್‌ಶೀಟ್ ಕಳಿಸುವ ಕಾರ್ಖಾನೆ ಇರೋ ಊರಲ್ಲಿ ಕೂತು ನಾನು ಪಾಲಿಸ್ಟರ್ ಹೊದಿಸಿದ್ದೆ. ಈಗ ಒಂದೇ ಒಂದು ತಂದು, ಎಳೆ ಸುಟ್ಟು, ಎರಡು ಸಲ ಒಗೆದು, ಆಮೇಲೆ ಉಳಿದವು. ಅಷ್ಟರಲ್ಲಿ ಆಫರ್ ಮುಗಿದರೆ ಮುಗಿಯಲಿ, ಮುಂದಿನ ತಿಂಗಳು ಇನ್ನೊಂದು ಬರುತ್ತೆ.

ಕುಕ್ಕರಿನ ವಿಷಯದಲ್ಲಿ ಚೌಕಾಸಿ ಇಲ್ಲ. 2021ರ ಫೆಬ್ರವರಿಯಿಂದ ಐಎಸ್‌ಐ ಗುರುತು ಕಡ್ಡಾಯ. ಗುರುತು ಇಲ್ಲದ್ದು ಪುಕ್ಕಟೆ ಕೊಟ್ಟರೂ ಬೇಡ.

2025ರ ಸೆಪ್ಟೆಂಬರ್ 22ರಂದು ಸೋಪು, ಶಾಂಪೂ, ಟೂತ್‌ಪೇಸ್ಟ್ ಮೇಲಿನ ಜಿಎಸ್‌ಟಿ 18ರಿಂದ 5ಕ್ಕೆ ಇಳಿಯಿತಲ್ಲ, ಆ ಹೊತ್ತಿಗೆ ನನ್ನ ಪುಸ್ತಕ ಪಳಗಿತ್ತು. ಹಳೇ ಎಂಆರ್‌ಪಿಯ ಸೋಪಿನ ರಾಶಿ ಮುಂದೆ ಶೇ. 15 ರಿಯಾಯಿತಿ ಅಂತ ಬೋರ್ಡು, ಜನ ಮುಗಿಬಿದ್ದಿದ್ದರು. ನೂರು ರೂಪಾಯಿಯ ಸೋಪು ತೆರಿಗೆ ಇಳಿದದ್ದಕ್ಕೇ 89 ಆಗಬೇಕು. ಅವರು ಕೊಡ್ತಿರೋದು 85. ಅಂದರೆ ಅಂಗಡಿ ಬಿಟ್ಟುಕೊಟ್ಟದ್ದು ನಾಲ್ಕೇ ರೂಪಾಯಿ. ನಾನು ಬರೀ ತಿಂಗಳಿಗೆ ಬೇಕಾದಷ್ಟು ತಂದೆ. ಮುಂದಿನ ತಿಂಗಳು ಇನ್ನೂ ಕಮ್ಮಿಗೆ ಸಿಕ್ಕಿತು.

ಮಧ್ಯೆ ಒಂದು ಕಾಫಿ ಪ್ರಯೋಗ. ಮಾರ್ಟ್‌ನ ಫಿಲ್ಟರ್ ಕಾಫಿಪುಡಿ ನಮ್ಮೂರ ಮಿಲ್ಲಿನ ಪುಡಿಗಿಂತ ಮುನ್ನೂರು ಅಗ್ಗ. ಪೊಟ್ಟಣ ತಿರುಗಿಸಿದರೆ ಸಣ್ಣ ಅಕ್ಷರದಲ್ಲಿ ಕಾಫಿ 53, ಚಿಕೋರಿ 47. ಕಾನೂನಿನ ಪ್ರಕಾರ ಚಿಕೋರಿ 49 ದಾಟಬಾರದು ಅಷ್ಟೇ, ಹಾಗಾಗಿ ತಪ್ಪೇನಿಲ್ಲ. ಸರಿ, ಚಿಕ್ಕಮಗಳೂರಿನ ನಾದಿನಿ ಬಂದಿದ್ದಾಗ ಮೂರು ಲೋಟದಲ್ಲಿ ಮೂರು ಡಿಕಾಕ್ಷನ್: ಶುದ್ಧದ್ದು, ಮಾರ್ಟ್‌ನದ್ದು, ನಾನೇ 70-30 ಬೆರೆಸಿದ್ದು. ಹೆಸರು ಹೇಳದೆ ಹುಡುಗಿಯರಿಗೆ ಕೊಟ್ಟೆ. ಒಂಬತ್ತು ಜನ ಮಾರ್ಟ್‌ನದೇ "ಗಟ್ಟಿಯಾಗಿದೆ" ಅಂದರು. ಕಾಫಿ ತೋಟದ ನಡುವೆ ಬೆಳೆದ ನಾದಿನಿಯೂ ಅದನ್ನೇ ಎತ್ತಿದಳು, ಆಮೇಲೆ ಅರ್ಧ ಗಂಟೆ ಮಾತಾಡಲಿಲ್ಲ. ಈಗ ಪಿಜಿಗೆ 70-30, ಅತ್ತೆಗೆ ಮಾತ್ರ ಶುದ್ಧದ್ದು.

ಬಿಲ್ ಕೌಂಟರಿನ ಮಾತು ಹೇಳದಿದ್ದರೆ ಆಗಲ್ಲ. ಕಡಲೆಬೇಳೆ ರ‍್ಯಾಕಿನಲ್ಲಿ 89, ಬಿಲ್ಲಿನಲ್ಲಿ 104.

"ಮೇಡಂ, ಆ ಆಫರ್ ನಿನ್ನೆಗೆ ಮುಗೀತು."

"ಚೀಟಿ ಇನ್ನೂ ಅಲ್ಲೇ ಇದೆಯಲ್ಲಪ್ಪ."

"ತೆಗೆಯೋದು ಮರ್ತಿರ್ತಾರೆ ಮೇಡಂ."

ಫೋನ್ ತೆಗೆದು ರ‍್ಯಾಕಿನ ಫೋಟೋ ತೋರಿಸಿದೆ, ಸಮಯ ಸಮೇತ. ಹಿಂದೆ ಸಾಲಿನಲ್ಲಿದ್ದವರು ಉಸ್ಸಪ್ಪ ಅಂದರು, ಅನ್ನಲಿ. 1915ಕ್ಕೆ, ಅದೇ ಗ್ರಾಹಕರ ಸಹಾಯವಾಣಿಗೆ, ಫೋನ್ ಮಾಡಲಾ ಅಂತ ಮೆತ್ತಗೆ ಕೇಳಿದೆ. ಒಳಗಿಂದ ಮ್ಯಾನೇಜರ್ ಬಂದು 89ಕ್ಕೇ ಹಾಕಿಕೊಟ್ಟರು. ಆರು ಪೊಟ್ಟಣಕ್ಕೆ 90 ರೂಪಾಯಿ. ಈಗ ದುಬಾರಿ ಸಾಮಾನಿನ ಚೀಟಿಗಳ ಫೋಟೋ ಹೊಡೆದೇ ಗಾಡಿಗೆ ಹಾಕೋದು, ಬಿಲ್ಲನ್ನು ಬಾಗಿಲ ಒಳಗೇ ನಿಂತು ಓದೋದು. ಹತ್ತು ಸಲದಲ್ಲಿ ಎರಡು ಮೂರು ಸಲವಾದರೂ ಒಂದಲ್ಲ ಒಂದು ತಪ್ಪು ಸಿಗುತ್ತೆ, ಮತ್ತೆ ಅದು ನನ್ನ ಕಡೆಗೆ ಲಾಭವಾಗೋ ತಪ್ಪು ಒಮ್ಮೆಯೂ ಆಗಿಲ್ಲ.

ಹಾಗಾದರೆ ಈಗ ಮಾರ್ಟ್‌ನಿಂದ ತರೋದೇನು? ಇಪ್ಪತ್ತೆರಡು ಸಾಮಾನು, ಅಷ್ಟೇ. ಸಕ್ಕರೆ, ಸೋಪು, ಬಟ್ಟೆ ಪೌಡರು, ಫಿನಾಯಿಲ್, ಟೀಪುಡಿ, ಹೀಗೆ. ಬೇಳೆ, ಅಕ್ಕಿ, ಮೆಣಸಿನಕಾಯಿ ಮತ್ತೆ ಶೆಟ್ರಲ್ಲೇ. ಅವರ ಕಾಲು ಹಿಡಿದು ಖಾತೆ ತೆಗೆಸಿಕೊಂಡೆ. ತಾರೀಖು ಹತ್ತಿರ ಬಂದ ಸಾಮಾನನ್ನ ಅರ್ಧ ಬೆಲೆಗೆ ಬುಟ್ಟಿಯಲ್ಲಿ ಸುರಿಯುತ್ತಾರೆ. 18 ಜನ ತಿನ್ನೋ ಮನೆಗೆ ಅದು ಚಿನ್ನ, ನಾಲ್ಕು ದಿನದಲ್ಲಿ ಖಾಲಿ. "ಬೆಸ್ಟ್ ಬಿಫೋರ್" ಇದ್ದರೆ ರುಚಿ-ಗುಣದ ಗಡುವು, "ಯೂಸ್ ಬೈ" ಅಂತಿದ್ದರೆ ಅದರ ಮರುದಿನ ಮುಟ್ಟಬಾರದು, ಅಷ್ಟು ನೋಡಿಕೊಂಡರೆ ಸಾಕು. ಬುಟ್ಟಿ ಯಾವ ವಾರ, ಎಷ್ಟು ಗಂಟೆಗೆ ಹೊರಬರುತ್ತೆ ಅಂತ ಮಾತ್ರ ಕೇಳಬೇಡಿ. ನಾದಿನಿಗೇ ಹೇಳಿಲ್ಲ.

ಮೊನ್ನೆ ಸಕ್ಕರೆಗೆ ಹೋಗಿದ್ದೆ. ಕೊಂಡ ಬೆಲೆಗಿಂತ ಕಮ್ಮಿಗೆ ಮಾರ್ತಾರೇನೋ ಅನ್ನೋ ಹಾಗಿತ್ತು ರೇಟು, ಅದಕ್ಕೇ ಒಂದು ಬಿಲ್ಲಿಗೆ ಐದೇ ಕೆಜಿ ಅಂತ ಮಿತಿ ಹಾಕಿದ್ದರು. ಸಾಲಿನಲ್ಲಿ ನನ್ನ ಮುಂದೆ ಐದು ಕೆಜಿ ಹಿಡಿದು ನಿಂತಿದ್ದವನು ಶೆಟ್ರ ಅಂಗಡಿಯ ಹುಡುಗ. ನನ್ನ ನೋಡಿ ಹಲ್ಲು ಕಿರಿದ. "ಮೂರನೇ ರೌಂಡ್ ಅಕ್ಕ, ಶೆಟ್ರಿಗೆ ಹೇಳ್ಬೇಡಿ ನೀವು ನೋಡಿದ್ರಿ ಅಂತ."