ಹೈಸ್ಕೂಲ್ ಬೇಸ್‌ಬಾಲ್‌ನಿಂದ ಕಾಲೇಜು ತಂಡಕ್ಕೆ: ಹೋಗುವುದು ಹೇಗೆ?

ನಮ್ಮಲ್ಲಿ ಸ್ಪೋರ್ಟ್ಸ್ ಕೋಟಾ ಎಂದರೆ ಪ್ರಮಾಣಪತ್ರಗಳನ್ನು ಜೋಡಿಸಿ ಸೀಟಿಗೆ ಅರ್ಜಿ ಹಾಕುವುದು. ಅಮೆರಿಕದಲ್ಲಿ ಹಾಗಲ್ಲ, ಅಲ್ಲಿ ಪ್ರತಿ ಕಾಲೇಜಿನ ಕೋಚ್ ತನಗೆ ಬೇಕಾದ ಆಟಗಾರನನ್ನು ತಾನೇ ಹುಡುಕಿ ಆರಿಸುತ್ತಾನೆ. ಅಲ್ಲಿ ನೆಲೆಸಿರುವ ಕನ್ನಡಿಗರ ಮನೆಯ ಹುಡುಗ ಹೈಸ್ಕೂಲಿನಲ್ಲಿ ಚೆನ್ನಾಗಿ ಬೇಸ್‌ಬಾಲ್ ಆಡುತ್ತಿದ್ದರೆ, ಯಾರಾದರೂ ಬಂದು ಕರೆಯಲಿ ಎಂದು ಕಾಯುತ್ತ ಕೂರುವಂತಿಲ್ಲ. ಒಂಬತ್ತನೇ ತರಗತಿಯಿಂದಲೇ ಕೆಲಸ ಶುರುವಾಗಬೇಕು.

ಮೊದಲ ಕೆಲಸ ಓದಿನದು. ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ. ಅದರ ಮೂರು ಹಂತಗಳಲ್ಲಿ ಮೇಲಿನದಾದ ಡಿವಿಷನ್ 1ರಲ್ಲಿ ಆಡಲು ಹೈಸ್ಕೂಲಿನಲ್ಲಿ 16 ಕೋರ್ ಕೋರ್ಸ್ (ಇಂಗ್ಲಿಷ್, ಗಣಿತ, ವಿಜ್ಞಾನದಂಥ ಮುಖ್ಯ ವಿಷಯಗಳು) ಮುಗಿಸಿರಬೇಕು, ಅವುಗಳಲ್ಲಿ ಕನಿಷ್ಠ 2.3 ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) ಇರಬೇಕು. ಈ 16ರಲ್ಲಿ 10 ಕೋರ್ಸ್‌ಗಳು ಕೊನೆಯ ವರ್ಷಕ್ಕೆ ಕಾಲಿಡುವ ಮೊದಲೇ ಮುಗಿಯಬೇಕು ಎಂಬುದನ್ನು ಬಹಳ ಮನೆಗಳಲ್ಲಿ ತಡವಾಗಿ ಗಮನಿಸುತ್ತಾರೆ. ಶಾಲೆಯ ಕೌನ್ಸೆಲರ್ ಜೊತೆ ಕೂತು ಪಟ್ಟಿ ಮಾಡಿಸಿ, ಆಟಗಾರರ ಅರ್ಹತೆ ಪರಿಶೀಲಿಸುವ ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್‌ನಲ್ಲಿ ಹೆಸರು ನೋಂದಾಯಿಸಿ.

ಮುಂದಿನದು ಎಲ್ಲಕ್ಕಿಂತ ಕಷ್ಟದ್ದು: ಹುಡುಗನ ಆಟ ಯಾವ ಮಟ್ಟದ್ದು ಎಂದು ಪ್ರಾಮಾಣಿಕವಾಗಿ ಅಳೆಯುವುದು. ಕೋಚ್‌ಗಳು ನೋಡುವ ಅಳತೆಗಳು ಗುಟ್ಟಿನವಲ್ಲ. ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು) ಆದರೆ ರಡಾರ್ ಗನ್ನಿನಲ್ಲಿ ಚೆಂಡಿನ ವೇಗ. ಡಿವಿಷನ್ 1ರಲ್ಲಿ ಗಂಟೆಗೆ 90 ಮೈಲಿ ಎಸೆಯುವವರು ಈಗ ಸಾಮಾನ್ಯ. ಫೀಲ್ಡರ್ ಆದರೆ 60 ಗಜದ ಓಟ. 7 ಸೆಕೆಂಡಿಗಿಂತ ಕಡಿಮೆಯಾದರೆ ಒಳ್ಳೆಯದು. ಕ್ಯಾಚರ್ (ಬ್ಯಾಟರ್‌ನ ಹಿಂದೆ ಕೂತು ಚೆಂಡು ಹಿಡಿಯುವವನು) ಆದರೆ ಪಾಪ್ ಟೈಮ್, ಅಂದರೆ ಚೆಂಡು ಅವನ ಗ್ಲವ್‌ಗೆ ಬಿದ್ದ ಕ್ಷಣದಿಂದ ಎರಡನೇ ಬೇಸ್‌ನಲ್ಲಿರುವವನ ಗ್ಲವ್ ಸೇರುವ ತನಕದ ಸಮಯ. ಅದು 2 ಸೆಕೆಂಡಿನ ಆಸುಪಾಸಿನಲ್ಲಿದ್ದರೆ ಕೋಚ್ ತಿರುಗಿ ನೋಡುತ್ತಾನೆ. ಮಗನ ಮೇಲಿನ ಪ್ರೀತಿ ಈ ಅಂಕಿಗಳನ್ನು ಬದಲಿಸದು. ಅವನನ್ನು ಬಲ್ಲ, ಆದರೆ ನಿಮ್ಮಿಂದ ಶುಲ್ಕ ಪಡೆಯದ ಒಬ್ಬ ಕೋಚ್‌ನ ಅಭಿಪ್ರಾಯ ಕೇಳಿ.

ಈಗ ಪತ್ರ. ಇದನ್ನು ಹುಡುಗನೇ ಬರೆಯಬೇಕು. ಅಪ್ಪ ಅಮ್ಮ ಬರೆಯಬಾರದು. ನಾಲ್ಕು ವರ್ಷ ತನ್ನ ಜೊತೆ ಇರಬೇಕಾದವನು ಹೇಗೆ ಮಾತಾಡುತ್ತಾನೆ ಎಂಬುದು ಕೋಚ್‌ಗೆ ಮುಖ್ಯ. ಇಮೇಲ್‌ನ ವಿಷಯದ ಸಾಲಿನಲ್ಲೇ ಹೆಸರು, ಹೈಸ್ಕೂಲ್ ಮುಗಿಸುವ ವರ್ಷ, ಆಡುವ ಸ್ಥಾನ ಇರಲಿ. ಒಳಗೆ ಎತ್ತರ, ತೂಕ, ಜಿಪಿಎ, ಮೇಲೆ ಹೇಳಿದ ಅಳತೆಗಳು, ಮುಂದಿನ ಪಂದ್ಯಗಳ ದಿನ ಮತ್ತು ಸ್ಥಳ, ಆ ಕಾಲೇಜನ್ನೇ ಏಕೆ ಆರಿಸಿದ ಎಂಬ ಎರಡು ಸಾಲು. ಒಂದೇ ಪತ್ರವನ್ನು ಹೆಸರು ಬದಲಿಸಿ ಎಲ್ಲರಿಗೂ ಕಳಿಸಿದರೆ ಓದಿದವರಿಗೆ ತಕ್ಷಣ ತಿಳಿಯುತ್ತದೆ. ವಿಡಿಯೊ ಎರಡು ಮೂರು ನಿಮಿಷ ಸಾಕು, ಹಾಡು ಬೇಡ, ಮೊದಲ ಹತ್ತು ಸೆಕೆಂಡಿನಲ್ಲೇ ಅವನ ಉತ್ತಮ ಆಟ ಕಾಣಲಿ.

ಡಿವಿಷನ್ 1ರ ಕೋಚ್‌ಗಳು 11ನೇ ತರಗತಿಗೆ ಮುಂಚಿನ ಆಗಸ್ಟ್ 1ರ ತನಕ ಆಟಗಾರನೊಡನೆ ಆಯ್ಕೆಯ ಮಾತಾಡುವಂತಿಲ್ಲ. ಅದಕ್ಕೂ ಮೊದಲು ಉತ್ತರ ಬರದಿದ್ದರೆ ಮನಸ್ಸು ಕುಗ್ಗಬೇಕಿಲ್ಲ. ಆದರೆ ಕಾಲೇಜು ನಡೆಸುವ ಬೇಸ್‌ಬಾಲ್ ಕ್ಯಾಂಪಿಗೆ ಬನ್ನಿ ಎಂಬ ಕಾಗದ ಯಾವಾಗ ಬೇಕಾದರೂ ಬರಬಹುದು. ಅದನ್ನು ಆಯ್ಕೆ ಎಂದುಕೊಂಡು ವಿಮಾನದ ಟಿಕೆಟ್ ತೆಗೆಸಬೇಡಿ. ಹುಡುಗನ ಹೆಸರು, ಆಟ ಗೊತ್ತಿರುವ ಕೋಚ್ ಕರೆದಿದ್ದರೆ ಮಾತ್ರ ಹೋಗಿ. ಕೋಚ್‌ಗಳ ಮುಂದೆ ಆಡಿ ತೋರಿಸುವ ದುಬಾರಿ ಶೋಕೇಸ್‌ಗಳಿಗೂ ಇದೇ ಮಾತು.

ಹಣದ ಲೆಕ್ಕ ಇತ್ತೀಚೆಗೆ ಬದಲಾಗಿದೆ. ಹಿಂದೆ ಡಿವಿಷನ್ 1ರ ತಂಡವೊಂದು 11.7 ಸ್ಕಾಲರ್‌ಶಿಪ್‌ಗಳನ್ನೇ ಎಲ್ಲರಿಗೂ ಹಂಚಬೇಕಿತ್ತು. ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಮೊಕದ್ದಮೆಯಲ್ಲಿ ಆದ 2025ರ ನ್ಯಾಯಾಲಯದ ಒಪ್ಪಂದಕ್ಕೆ ಸೇರಿದ ಕಾಲೇಜುಗಳು ಈಗ ತಂಡದ 34 ಮಂದಿಗೂ ಕೊಡಬಹುದು, ಕೊಡಲೇಬೇಕೆಂದಿಲ್ಲ. ಡಿವಿಷನ್ 3ರಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ ಇಲ್ಲವೇ ಇಲ್ಲ; ಆದರೆ ಓದಿನ ಮೇಲೆ ಸಿಗುವ ನೆರವು ಚೆನ್ನಾಗಿರಬಹುದು. ಒಳ್ಳೆಯ ಅಂಕವಿರುವ ಹುಡುಗನಿಗೆ ಇದು ನಿಜವಾದ ದಾರಿ. ಕಡಿಮೆ ದರ್ಜೆಯೆಂದು ತಳ್ಳಿಹಾಕುವುದು ದೊಡ್ಡ ತಪ್ಪು.

ಎರಡು ವರ್ಷದ ಓದಿನ ಜೂನಿಯರ್ ಕಾಲೇಜನ್ನೂ (ಕಮ್ಯುನಿಟಿ ಕಾಲೇಜು ಎಂದೂ ಕರೆಯುತ್ತಾರೆ) ಹಾಗೇ ನೋಡಬೇಕು. ಬೇರೆ ಕಾಲೇಜಿನಿಂದ ಬರುವ ಅನುಭವಿ ಆಟಗಾರರು ಸುಲಭವಾಗಿ ಸಿಗುವಾಗ, ಹದಿನೆಂಟರ ಹುಡುಗನಿಗೆ ದೊಡ್ಡ ತಂಡಗಳಲ್ಲಿ ಜಾಗ ಕಡಿಮೆ. ಎರಡು ವರ್ಷ ಜೂನಿಯರ್ ಕಾಲೇಜಿನಲ್ಲಿ ದಿನವೂ ಆಡಿದರೆ ಮೈಯೂ ಆಟವೂ ಬೆಳೆಯುತ್ತವೆ. ಆಲ್ಬರ್ಟ್ ಪುಹೋಲ್ಸ್ 1999ರಲ್ಲಿ ಇಂಥ ಮೇಪಲ್ ವುಡ್ಸ್ ಕಮ್ಯುನಿಟಿ ಕಾಲೇಜಿನಿಂದ, ವೃತ್ತಿಪರ ತಂಡಗಳು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ 13ನೇ ಸುತ್ತಿನಲ್ಲಿ ಆಯ್ಕೆಯಾದವರು. ಮುಂದೆ 700ಕ್ಕೂ ಹೆಚ್ಚು ಹೋಮ್ ರನ್ ಹೊಡೆದರು.

ಕರೆ ಬಂದಾಗ ಹುಡುಗ ಕೇಳಲಿ: ನನ್ನ ಸ್ಥಾನಕ್ಕೆ ಈಗ ಎಷ್ಟು ಜನ ಇದ್ದಾರೆ? ನೆರವು ಒಂದು ವರ್ಷಕ್ಕೋ ನಾಲ್ಕಕ್ಕೋ? ಗಾಯವಾದರೆ ಏನಾಗುತ್ತದೆ? ಬಾಯಿಮಾತಿನ ಭರವಸೆಗೆ ಎರಡು ಕಡೆಯವರೂ ಕಟ್ಟುಬಿದ್ದಿಲ್ಲ. ನೆರವಿನ ಒಪ್ಪಂದ ಬರಹದಲ್ಲಿ ಕೈಸೇರುವ ತನಕ ಉಳಿದ ಕೋಚ್‌ಗಳ ಜೊತೆ ಮಾತು ನಿಲ್ಲಿಸಬೇಡಿ. ಸಹಿ ಆದ ಮೇಲೂ ಕೊನೆಯ ಸೆಮಿಸ್ಟರ್‌ನ ಅಂಕಗಳ ಮೇಲೆ ಕಣ್ಣಿರಲಿ. ಹೈಸ್ಕೂಲ್ ಮುಗಿದ ನಂತರದ ಪೂರ್ಣ ಅಂಕಪಟ್ಟಿ ನೋಡಿಯೇ ಎಲಿಜಿಬಿಲಿಟಿ ಸೆಂಟರ್ ಅಂತಿಮ ಒಪ್ಪಿಗೆ ಕೊಡುವುದು.