ಮುಟ್ಟಾಳೆ ಹಿಡಿದು ಮ್ಯಾಕ್ರೋ

"ಇದೇನು ಫೋಟೋಗ್ರಫಿಯಾ, ಯಕ್ಷಗಾನವಾ ಮಾರಾಯಾ?" ಎಡಗೈಯಲ್ಲಿ ಮುಟ್ಟಾಳೆ, ಅಂದರೆ ಅಡಿಕೆ ಹಾಳೆಯ ಟೊಪ್ಪಿ, ಹಿಡಿದು ಅಡಿಕೆ ಮರಕ್ಕೆ ಮೂಗು ತಾಗಿಸಿ ನಿಂತಿದ್ದ ನನ್ನನ್ನು ನೋಡಿ ಗೆಳೆಯ ಕೇಳಿದ್ದು ಹೀಗೆ. ಅವನ ಹತ್ತಿರ ಚಿಕ್ಕ ವಸ್ತುಗಳನ್ನು ದೊಡ್ಡದಾಗಿ ತೆಗೆಯುವ 100 ಎಂಎಂ ಮ್ಯಾಕ್ರೋ ಲೆನ್ಸ್ ಉಂಟು. ನನ್ನದು ಕ್ಯಾಮರಾ ಜೊತೆ ಬಂದ 18-55 ಲೆನ್ಸ್, ಅದೂ ಹಿಂದುಮುಂದಾಗಿ ತಿರುಗಿಸಿ ಹಾಕಿದ್ದು.

ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮ ತೋಟ. ಮರದ ಮೇಲಿನ ಕಲ್ಲುಹೂವು, ಬಾವಿಯ ಮುರಕಲ್ಲು (ಜಂಬಿಟ್ಟಿಗೆ), ಪದವಿನ (ಗುಡ್ಡದ ಮೇಲಿನ ಕಲ್ಲುಬಯಲಿನ) ಹುಲ್ಲು, ನನಗೆ ಇಷ್ಟೇ ಸಾಕು. ಆದರೆ ಎರಡು ಮಳೆಗಾಲ ಬರೀ ಹಾಳು ಫೋಟೋಗಳೇ. ಮೊದಲು ಲೆನ್ಸಿನ ಮುಂದೆ ಹಾಕುವ ಕ್ಲೋಸಪ್ ಫಿಲ್ಟರ್ ತಗೊಂಡೆ, ಸುಮಾರು 600 ರೂಪಾಯಿ. ನಡುವೆ ಚಂದ, ಅಂಚಿನಲ್ಲೆಲ್ಲ ನೇರಳೆ ಬಣ್ಣದ ಮಸುಕು. ಆಮೇಲೆ ಲೆನ್ಸ್ ತಿರುಗಿಸಿ ಹಾಕುವ ರಿವರ್ಸ್ ರಿಂಗ್, 300-350 ಇರಬೇಕು. ತಿರುಗಿಸಿದ ಲೆನ್ಸಿನ ಅಪರ್ಚರ್, ಅಂದರೆ ಬೆಳಕಿನ ಕಿಂಡಿ, ಕ್ಯಾಮರಾದ ಮಾತು ಕೇಳುವುದಿಲ್ಲ; ಅದಕ್ಕೆ ಮೊದಲೇ ಎಫ್ 8ಕ್ಕೆ ಇಟ್ಟು ಪ್ರಿವ್ಯೂ ಬಟನ್ ಒತ್ತಿಕೊಂಡೇ ಲೆನ್ಸ್ ಕಳಚುವ ಉಪಾಯ ಉಂಟು. ನಾನು ಆಸೆಬುರುಕ, ಕಿಂಡಿ ಇನ್ನೂ ಸಣ್ಣ ಮಾಡಿ ಎಫ್ 16ಕ್ಕೆ ಇಟ್ಟೆ. ಎಲ್ಲವೂ ಫೋಕಸಲ್ಲಿ, ಯಾವುದೂ ಶಾರ್ಪ್ ಇಲ್ಲ! ಗಂಜಿಯಲ್ಲಿ ಅದ್ದಿ ತೆಗೆದ ಹಾಗೆ. ಅದರ ಮೇಲೆ ಲೆನ್ಸಿಗೆ ಬೂಷ್ಟು ಹಿಡಿಯಿತು. ಕ್ಲೀನ್ ಮಾಡಿಸಲು ಎರಡೂವರೆ ಸಾವಿರದ ಹತ್ತಿರ ಹೋಯಿತು. ಅಕ್ಕಿ ಡಬ್ಬದಲ್ಲಿ ಇಟ್ಟರೆ ಸಾಕು ಅಂತ ಹೇಳಿದವರು ಈಗ ಮಾತಾಡುವುದಿಲ್ಲ.

ನಿಜವಾದ ತೊಂದರೆ ಬೆಳಕಿನದ್ದು. ತಿರುಗಿಸಿದ ಲೆನ್ಸಿಗೂ ಮರಕ್ಕೂ ನಡುವೆ ನಾಲ್ಕು ಬೆರಳು ಜಾಗ ಇಲ್ಲ. ನೇರ ಫ್ಲಾಶ್ ಹೊಡೆದರೆ ಒದ್ದೆ ಕಲ್ಲುಹೂವಿನ ಮೇಲೆಲ್ಲ ಬಿಳಿ ಬೊಟ್ಟು. ಬೆಳಕು ಮೆದುವಾಗಲಿ ಅಂತ ಥರ್ಮಾಕೋಲ್ ನೋಡಿದೆ, ಹಾಲಿನ ತೊಟ್ಟೆ (ಪ್ಯಾಕೆಟ್) ನೋಡಿದೆ. ಒಂದು ದಿನ ಕೊಟ್ಟಿಗೆಯ ಮೊಳೆಯಲ್ಲಿ ನೇತಾಡುತ್ತಿದ್ದ ಅಪ್ಪನ ಹಳೇ ಮುಟ್ಟಾಳೆ ಕಣ್ಣಿಗೆ ಬಿತ್ತು. ನೆತ್ತಿಯಲ್ಲಿ ತೂತು ಕೊರೆದು ಸೆಕೆಂಡ್‌ಹ್ಯಾಂಡ್ ಫ್ಲಾಶ್ ತೂರಿಸಿದೆ. ಒಳಗೆ ಅಡಿಗೆಮನೆಯ ಫಾಯಿಲ್, ಬಾಯಿಗೆ ಟ್ರೇಸಿಂಗ್ ಪೇಪರ್. ಎರಡರ ನಡುವೆ ಇನ್ನೊಂದು ಪದರ ಉಂಟು, ಅದನ್ನು ಹೇಳುವುದಿಲ್ಲ. ಮೂರು ತಿಂಗಳು ತಲೆ ಕೆಡಿಸಿಕೊಂಡದ್ದು ಸುಮ್ನೆ ಅಲ್ಲ.

ಮುಟ್ಟಾಳೆಯನ್ನು ಎದುರಿಗೆ ಹಿಡಿದರೆ ಪ್ರಯೋಜನ ಇಲ್ಲ. ಪಕ್ಕದಿಂದ, ಮರದ ಮೈ ಸವರುವ ಹಾಗೆ ಹಿಡಿಯಬೇಕು. ಆಗ ಮುರಕಲ್ಲಿನ ಒಂದೊಂದು ತೂತೂ ಗುಹೆ ಆಗುತ್ತದೆ. ಅಂಚಿನಲ್ಲಿ ಬೆಲ್ಲ ಹಚ್ಚಿದಂಥ ಕಂದು ಹೊಳಪು, ಒಳಗೆ ಹಳದಿ ಮಣ್ಣು. ಫ್ಲಾಶಿನ ಶಕ್ತಿ 1/16ಕ್ಕೆ, ಒಂದು ಚೂರು ಜಾಗಕ್ಕೆ ಫೋಕಸ್ ಸ್ವಲ್ಪ ಸ್ವಲ್ಪವೇ ಸರಿಸಿ 20-25 ಫ್ರೇಮು. ಅವನ್ನೆಲ್ಲ ಸ್ಟ್ಯಾಕ್ ಮಾಡಲು, ಅಂದರೆ ಒಂದೇ ಫೋಟೋ ಆಗಿ ಸೇರಿಸಲು, ಹಳೇ ಲ್ಯಾಪ್‌ಟಾಪ್ ಅರ್ಧ ಗಂಟೆ ತಿನ್ನುತ್ತದೆ, ಅಷ್ಟರಲ್ಲಿ ಒಂದು ಚಾ.

ಕಲ್ಲುಹೂವಿನಲ್ಲಿ ಒಂದು ಜಾತಿ ಉಂಟು, ಬೂದು ಬಣ್ಣದ ಮೇಲೆ ಕಪ್ಪು ಗೀಟುಗಳು, ಯಾರೋ ಲೆಕ್ಕ ಗೀಚಿದ ಹಾಗೆ. ಅದರ ನಡುವೆ ನೀಲಿ ಚುಕ್ಕಿಗಳು ಸಿಕ್ಕಿದವು. ಹೊಸ ಜಾತಿಯೇ ಸಿಕ್ಕಿತು ಅಂತ ಕುಣಿದೆ. ಅಪ್ಪ ಕನ್ನಡಕ ಏರಿಸಿ ನೋಡಿ, "ಅದು ಹೋದ ತಿಂಗಳು ಬಿಟ್ಟ ಮದ್ದು" ಅಂದರು. ಅಡಿಕೆಗೆ ಸಿಂಪಡಿಸುವ ನೀಲಿ ಮೈಲುತುತ್ತು!

ಜುಲೈಯಲ್ಲಿ ಪದವಿನ ಕಡೆ ಹೋದೆ. ಹುಳ ಹಿಡಿಯುವ ಡ್ರೊಸೆರಾ ಗಿಡದ ಕೂದಲುಗಳ ತುದಿಯಲ್ಲಿ ಅಂಟಿನ ಹನಿ ಇರುತ್ತದಲ್ವಾ, ಒಂದೊಂದು ಹನಿಯಲ್ಲೂ ಪುಟ್ಟ ಬಿಳಿ ಚಂದ್ರ. ಅದು ಮುಟ್ಟಾಳೆಯ ಬಾಯಿ. ಆ ಫೋಟೋವನ್ನೇ ಗೆಳೆಯನಿಗೆ ಕಳಿಸಿದೆ. ಎರಡು ದಿನ ಸುದ್ದಿ ಇಲ್ಲ. ಆಮೇಲೆ, "ನಿನ್ನಪ್ಪ ಇನ್ನೊಂದು ಮುಟ್ಟಾಳೆ ಮಾಡಿಕೊಟ್ಟಾರಾ?" ಕ್ಲೀನಿಂಗ್ ಖರ್ಚು ಬಿಟ್ಟು ಫ್ಲಾಶ್, ರಿಂಗ್ ಎಲ್ಲ ಸೇರಿ ನನಗೆ ಬಿದ್ದದ್ದು ಎರಡು ಸಾವಿರದ ಚಿಲ್ಲರೆ. ಅವನ ಲೆನ್ಸಿನ ರೇಟು ಕೇಳಬೇಡಿ.

ಈಗ ಅಡಿಕೆ ಹೋಳಿನ ಹುಚ್ಚು. ತೆಳ್ಳಗೆ ಕತ್ತರಿಸಿ, ಮರಳುಕಾಗದದಲ್ಲಿ ತಿಕ್ಕಿ, ಹಿಂದಿನಿಂದ ಬೆಳಕು ಬಿಟ್ಟರೆ ಕಂದು-ಬಿಳಿ ನರಗಳು ನದಿಗಳ ನಕಾಶೆಯಂತೆ ಕಾಣುತ್ತವೆ. ತೆಂಗಿನೆಣ್ಣೆ ಒಂದು ತೊಟ್ಟು ಸವರಿದೆ, ಬಣ್ಣ ಎದ್ದು ಬಂತು, ಜೊತೆಗೆ ಹೊಳಪೂ ಜಾಸ್ತಿ ಆಯಿತು. ಒರೆಸಿದರೆ ಎರಡೂ ಹೋಗುತ್ತವೆ. ಎಂಟು ಅಡಿಕೆ ಹಾಳಾಗಿದೆ. ಒಂಬತ್ತನೆಯದನ್ನು ಅಮ್ಮ ವೀಳ್ಯದೆಲೆಯ ಜೊತೆ ಬಾಯಿಗೆ ಹಾಕಿಕೊಂಡಾಯಿತು.